ಕೆಪಾಸಿಟಿವ್ ಪ್ರಾಕ್ಸಿಮಿಟಿ ಸೆನ್ಸರ್ ಮಳೆಗಾಲದಲ್ಲಿ ತಪ್ಪು ಸೂಚನೆ ಕೊಡುವುದೇಕೆ?

ಮಂಜೇಶ್ವರದ ಕಡೆಯ ಶಾಲೆಯೊಂದರ ಕೈತೊಳೆಯುವ ನಲ್ಲಿಗೆ ನೀವು ಅಕ್ರಿಲಿಕ್ ಹಾಳೆಯ ಹಿಂದೆ 5 ಸೆಂ.ಮೀ. ಚೌಕದ ತಾಮ್ರದ ತಗಡನ್ನಿಟ್ಟು, 8 ಸೆಂ.ಮೀ. ದೂರಕ್ಕೆ ಕೈ ಬಂದರೆ ವಾಲ್ವ್ ತೆರೆಯುವಂತೆ ಮಾಡಿದ್ದೀರಿ. ಬೇಸಿಗೆಯಲ್ಲಿ ಸರಿಯಾಗಿದ್ದದ್ದು ಜೂನ್ ಬಂದೊಡನೆ ಕೈಯಿಲ್ಲದೆಯೂ ತೆರೆದುಕೊಳ್ಳುತ್ತಿದೆ, ಸೂಕ್ಷ್ಮತೆಯನ್ನು ಎಷ್ಟಕ್ಕೆ ಇಳಿಸಬೇಕು ಎಂದು ಕೇಳಿದ್ದೀರಿ. ಇಳಿಸಿದರೆ ಕೈಯೂ ಕಾಣದಂತಾದೀತು. ಈ ಸೆನ್ಸರ್ ಗುರುತಿಸುವುದು ಕೈ ಹತ್ತಿರ ಬಂದಾಗ ತಗಡಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಕೊಂಚ ಹೆಚ್ಚುವುದನ್ನು, ಹಾಗಾಗಿ ಮೊದಲು ತಗಡಿನ ವಿದ್ಯುತ್ ಕ್ಷೇತ್ರ ಎಲ್ಲೆಲ್ಲಿಗೆ ಹರಡುತ್ತಿದೆ ಎಂಬುದನ್ನು ನೋಡಬೇಕು.

ಕೈಯನ್ನು ಅಷ್ಟೇ ಅಗಲದ ಇನ್ನೊಂದು ತಗಡೆಂದು ಭಾವಿಸಿ ಲೆಕ್ಕ ಹಾಕಿದರೆ, 8 ಸೆಂ.ಮೀ. ದೂರದಲ್ಲಿ ಸಿಗುವ ಕೆಪಾಸಿಟೆನ್ಸ್ ಸುಮಾರು 0.28 ಪಿಕೋಫ್ಯಾರಡ್. ತಗಡನ್ನು ಅಳೆಯುವ ಚಿಪ್ಪಿಗೆ ಜೋಡಿಸುವ ಸಾಮಾನ್ಯ ಕೋಆಕ್ಸಿಯಲ್ ಕೇಬಲ್ಲಿಗೆ (ಒಳತಂತಿಯ ಸುತ್ತ ಲೋಹದ ಜಾಲರಿ ಇರುವ ಕೇಬಲ್) ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು ಇರುವುದರಿಂದ, ಹೊರಜಾಲರಿಯನ್ನು ಗ್ರೌಂಡಿಗೆ ಕೊಟ್ಟ 30 ಸೆಂ.ಮೀ. ತುಂಡು 30 ಪಿಕೋಫ್ಯಾರಡ್ ಹೊತ್ತಿರುತ್ತದೆ. ಅದು ಕೊಂಚ ಅಲುಗಿ ಶೇ. 1ರಷ್ಟು ವ್ಯತ್ಯಾಸವಾದರೆ ಸಾಕು, ಚಿಪ್ಪಿಗೆ ಅದೂ ಕೈಯೇ. ಆದ್ದರಿಂದ ಜಾಲರಿಯನ್ನು ಗ್ರೌಂಡಿಗೆ ಕೊಡದೆ, ತಗಡಿಗೆ ಹೋಗುವ ವೋಲ್ಟೇಜ್ ಅಲೆಯನ್ನೇ ಅದಕ್ಕೂ ಕೊಡಬೇಕು. ಎರಡೂ ಸದಾ ಒಂದೇ ವೋಲ್ಟೇಜಿನಲ್ಲಿದ್ದರೆ ಅವುಗಳ ನಡುವೆ ಚಾರ್ಜ್ ಹರಿಯುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಫ್‌ಡಿಸಿ1004 ಚಿಪ್ಪಿನಲ್ಲಿ ನಾಲ್ಕು ಚಾನೆಲ್‌ಗಳ ಜೊತೆಗೆ ಹೀಗೆ ಅದೇ ಅಲೆಯನ್ನು ಕೊಡಲೆಂದೇ ಎರಡು ಶೀಲ್ಡ್ (ಕವಚ) ಪಿನ್ನುಗಳಿವೆ.

ಇನ್ನು ಮಳೆ. ಗಾಳಿಯ ತೇವದಿಂದಲೇ ಹೀಗಾಗುತ್ತದೆಂದು ಹಲವರು ತಿಳಿಯುತ್ತಾರೆ, ಆದರೆ ತೇವಗಾಳಿಯ ಪರ್ಮಿಟಿವಿಟಿ (ಕೆಪಾಸಿಟೆನ್ಸನ್ನು ಹೆಚ್ಚಿಸುವ ಗುಣ) ಒಣಗಾಳಿಗಿಂತ ಬೇರೆಯಾಗುವುದು ತೀರಾ ಅತ್ಯಲ್ಪ. ನಿಜವಾದ ಕಾರಣ ಅಕ್ರಿಲಿಕ್ ಮೇಲೆ ಕೂರುವ ನೀರಿನ ಪದರ: ನೀರಿನ ಸಾಪೇಕ್ಷ ಪರ್ಮಿಟಿವಿಟಿ 80ರಷ್ಟು, ಸಾಲದ್ದಕ್ಕೆ ಆ ಪದರ ನಲ್ಲಿಯ ಕೊಳವೆಯವರೆಗೆ ಹಬ್ಬಿದರೆ ಅದರ ಮೂಲಕ ತಗಡಿಗೂ ನೆಲಕ್ಕೂ ನಂಟು ಬೆಳೆಯುತ್ತದೆ. ನಮ್ಮ ಕಾಸರಗೋಡಿನ ಆಟಿ ತಿಂಗಳಲ್ಲಿ ಆ ಹಾಳೆ ಒಣಗುವ ಮಾತೇ ಇಲ್ಲ. ತಗಡಿನ ಹಿಂದೆಯೂ ಸುತ್ತಲೂ ಆ ಶೀಲ್ಡ್ ಪಿನ್ನಿಗೆ ಜೋಡಿಸಿದ ತಾಮ್ರದ ಪಟ್ಟಿ ಹರಡಿ, ಗ್ರೌಂಡ್ ತಾಮ್ರವನ್ನು ಆದಷ್ಟು ದೂರವಿಡಿ. ಆಗ ತಗಡಿಗೂ ಪಟ್ಟಿಗೂ ನಡುವೆ ಮಾತ್ರ ಹಬ್ಬಿದ ನೀರು ಹೆಚ್ಚು ತೋರುವುದಿಲ್ಲ. ಸ್ಟೀಲ್ ಸಿಂಕಿನ ಅಂಚಿಗೆ ತಗುಲಿದಂತೆ ಅಕ್ರಿಲಿಕ್ ಹಾಳೆಯನ್ನು ಕೂರಿಸಿದ್ದರೆ ಅದನ್ನು ಬಿಡಿಸಿ.

ಅಷ್ಟಾದರೂ ಉಳಿಯುವ ನೀರಿನ ಪ್ರಭಾವಕ್ಕೆ, ಅಳತೆಯಲ್ಲಿ ಒಂದೇ ಆದ ಎರಡನೆಯ ತಗಡನ್ನು ಅದೇ ಹಾಳೆಯ ಹಿಂದೆ, ನೀರು ಬೀಳುವ ಆದರೆ ಕೈ ಸುಳಿಯದ ಕಡೆ ಇಟ್ಟು, ಎರಡರ ವ್ಯತ್ಯಾಸವನ್ನಷ್ಟೇ ನೋಡುವುದು ನನಗೆ ಸರಿಕಂಡ ದಾರಿ. ಪ್ರೋಗ್ರಾಮಿನಲ್ಲಿ ಮೂಲಮಟ್ಟವು (ಕೈ ಇಲ್ಲದಾಗಿನ ರೀಡಿಂಗ್) ನಿಧಾನದ ಏರಿಳಿತವನ್ನು ಹಿಂಬಾಲಿಸಲಿ, ಕೈ ಇದೆಯೆಂದು ತೀರ್ಮಾನಿಸಿದ ಕ್ಷಣದಿಂದ ಅದು ನಿಲ್ಲಲಿ. ಇಲ್ಲವಾದರೆ ಮಕ್ಕಳು ಸಾವಕಾಶವಾಗಿ ಕೈ ತೊಳೆಯುತ್ತಿದ್ದಂತೆ ಕೈಯೇ ಮೂಲಮಟ್ಟವಾಗಿ ನೀರು ನಿಲ್ಲುತ್ತದೆ. ತೆರೆಯುವ ಮತ್ತು ಮುಚ್ಚುವ ಮಿತಿಗಳೂ ಬೇರೆ ಬೇರೆ ಇರಲಿ.

ಕರೆಂಟು ಹೋದಾಗ ಬ್ಯಾಟರಿಯಲ್ಲಿ ನಡೆಸುವುದಾದರೆ ಸರ್ಕ್ಯೂಟಿನ ಗ್ರೌಂಡಿಗೆ ನೆಲದ ಆಧಾರ ತಪ್ಪಿ, ಕೈ ಗುರುತಿಸುವ ದೂರ ಕಡಿಮೆಯಾಗುತ್ತದೆ. (ನಲ್ಲಿಗಷ್ಟೇ ಬೇಕಾದರೆ ಇನ್‌ಫ್ರಾರೆಡ್ ಸೆನ್ಸರ್ ಸುಲಭ, ಪ್ಲಾಸ್ಟಿಕ್ ಟ್ಯಾಂಕಿನ ನೀರನ್ನು ಹೊರಗಿನಿಂದ ಅಳೆಯುವಂಥ ಕಡೆ ಈ ವಿಧಾನಕ್ಕೆ ಹೆಚ್ಚು ಬೆಲೆ.) ಮಿತಿ ಗೊತ್ತುಮಾಡುವ ಮೊದಲು ಒಣ ಹಾಳೆ, ಒದ್ದೆ ಬಟ್ಟೆ ಒರೆಸಿದ ಹಾಳೆ, ಹಾಳೆಯ ಮೇಲೆ ನೀರು ಹರಿಯುತ್ತಿರುವಾಗ, ಈ ಮೂರೂ ಸ್ಥಿತಿಯಲ್ಲಿ ಕೈ ಇಟ್ಟೂ ಇಡದೆಯೂ ರೀಡಿಂಗ್ ಬರೆದುಕೊಂಡು ಇಲ್ಲಿ ಹಾಕಿ, ಲೆಕ್ಕ ನೋಡೋಣ.