ಬೇಳೆ ಮಿಲ್ಲಿನಲ್ಲಿ ಹುಡುಗರು ನಿಲ್ಲುತ್ತಿಲ್ಲ ಅಂದಿದ್ದಕ್ಕೆ

ನಿಮ್ಮ ಬೇಳೆ ಮಿಲ್ಲಿಗೆ ಐಟಿಐ ಮುಗಿಸಿ ಬಂದ ಹುಡುಗರು ಮೂರು ತಿಂಗಳಿಗೇ ಬಿಡುತ್ತಿರುವುದಕ್ಕೆ ಸಂಬಳಕ್ಕಿಂತ ಕೆಲಸದ ಹೊತ್ತೇ ಕಾರಣ ಇರಬೇಕು. ಸಂಬಳ ಜಾಸ್ತಿ ಮಾಡಿದರೂ ನಿಲ್ಲಲಿಲ್ಲ ಅಂತ ನೀವೇ ಬರೆದಿದ್ದೀರಲ್ವಾ. ನಮ್ಮ ಮಿಲ್ಲಿನಲ್ಲೂ ಹೀಗೇ ಆಗಿತ್ತು. ಸಂಜೆ ಆರು ದಾಟಿದರೂ ಹುಡುಗರು ಬೈಕ್ ಕೀಲಿ ಕೈಯಲ್ಲಿ ಹಿಡಿದು, ನಾನು ಹೂಂ ಅನ್ನಲಿ ಅಂತ ಗೇಟಿನ ಹತ್ತಿರ ಕಾಯುತ್ತಿದ್ದರು.

ಮೊದಲು ಬರುವ ಹೊತ್ತು, ಹೋಗುವ ಹೊತ್ತು ಎರಡನ್ನೂ ಬರೆದು ಗೋಡೆಗೆ ಅಂಟಿಸಿ. ಮೀರಿದರೆ ಓವರ್‌ಟೈಮ್ ದುಪ್ಪಟ್ಟು ಕೊಡಿ, ಕಾನೂನೂ ಅದನ್ನೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ದುಡಿಸುವುದು ಬೇಡ. ನೀವೂ ಬೇಗ ಶುರು ಮಾಡಿ, ಬೇಗ ಬಿಡಿ.

ಆಮೇಲೆ ಸಂಬಳ. 7ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೇ ಹಾಕಿ. 10 ಜನ ಇದ್ದರೆ ಇಎಸ್‌ಐ (ಕಾರ್ಮಿಕರ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಹೇಗೂ ಮಾಡಿಸಲೇಬೇಕು. ಪಿಎಫ್ ಪಾಸ್‌ಬುಕ್ ಅವರ ಫೋನಿನಲ್ಲೇ ತೆರೆದು ತೋರಿಸಿ. ತಮ್ಮ ಹೆಸರಲ್ಲಿ ದುಡ್ಡು ಕೂಡುತ್ತಿರುವುದು ಕಣ್ಣಿಗೆ ಕಂಡರೆ ನಂಬಿಕೆ ಬರುತ್ತದೆ.

ತಪ್ಪಾದಾಗ ಎಲ್ಲರ ಮುಂದೆ ಬೈಯಬೇಡಿ. ಮೂಟೆ ಎತ್ತುವುದಕ್ಕಷ್ಟೇ ಹಚ್ಚದೆ, ಬಣ್ಣ ನೋಡಿ ಕೆಟ್ಟ ಬೇಳೆ ಬೇರೆ ಮಾಡುವ ಸಾರ್ಟೆಕ್ಸ್ ಮಷೀನಿನ ಸೆಟ್ಟಿಂಗ್ ಕಲಿಸಿ.

ನಿಮ್ಮಲ್ಲಿ ಬೇರೆ ಕಾರಣವೂ ಇರಬಹುದು. ಬಿಟ್ಟು ಹೋದ ಇಬ್ಬರಿಗೆ ಫೋನ್ ಮಾಡಿ ಕೇಳಿ. ಬಾಕಿ ಸಂಬಳ ಇದ್ದರೆ ಮೊದಲು ಕೊಟ್ಟು, ಆಮೇಲೆ ಕೇಳಿ.