ಭೇದವಿಲ್ಲ ಎನ್ನುವ ಶಾಲೆಯಲ್ಲಿ ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಚಿಕ್ಕಬಳ್ಳಾಪುರದ ಅನುದಾನರಹಿತ ಬಾಲಕಿಯರ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಸಮಾಜ ವಿಜ್ಞಾನ ಬೋಧಿಸುತ್ತಿದ್ದೇನೆ. ಎಲ್ಲ ಹಿನ್ನೆಲೆಯ ಹುಡುಗಿಯರಿಗೂ ಸಮಾನ ಅವಕಾಶ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಆಡಳಿತ ಮಂಡಳಿ ಈ ವರ್ಷ ನನಗೆ ವಹಿಸಿದೆ. ಹಿರಿಯ ಸಹೋದ್ಯೋಗಿಗಳು ಮಾತ್ರ, ‘ನಮ್ಮಲ್ಲಿ ಭೇದಭಾವವೇ ಇಲ್ಲ, ಇಲ್ಲದ್ದನ್ನು ಎತ್ತಿ ಆಡಬೇಡಿ’ ಎನ್ನುತ್ತಾರೆ. ಉಪನ್ಯಾಸವೊಂದನ್ನು ಏರ್ಪಡಿಸಿ ಆರಂಭಿಸಲೇ?
– ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ಉಪನ್ಯಾಸವನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಸಹೋದ್ಯೋಗಿಗಳು ಸುಳ್ಳಾಡುತ್ತಿಲ್ಲ. ಆದರೆ ಯಾರೂ ಬೇಕೆಂದು ಯಾರನ್ನೂ ದೂರವಿಡದ ಶಾಲೆಯಲ್ಲೂ ರೂಢಿಗೆ ಬಿದ್ದ ಪದ್ಧತಿಗಳು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತವೆ. ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ ಗುಮಾಸ್ತರು ತರಗತಿಗೆ ಬಂದು, ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ, ಜಾತಿ ಪ್ರಮಾಣಪತ್ರ ಯಾರು ತಂದಿಲ್ಲ?’ ಎಂದು ಕೇಳುವುದನ್ನು ನೀವೂ ಕಂಡಿರಬಹುದು. ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯಲ್ಲಿ ಇದು ವರ್ಷಗಟ್ಟಲೆ ನಡೆಯಿತು, ನನ್ನ ಗಮನಕ್ಕೇ ಬರಲಿಲ್ಲ. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಏಳದೆ ತಲೆ ತಗ್ಗಿಸಿ ಕುಳಿತಳು, ಆ ವರ್ಷ ಅರ್ಜಿಯನ್ನೂ ಹಾಕಲಿಲ್ಲ. ಪಟ್ಟಿ ಹೇಗೂ ಕಚೇರಿಯಲ್ಲಿರುತ್ತದೆ. ಪೋಷಕರಿಗೆ ಫೋನ್ ಮಾಡಿದರೆ ಮುಗಿಯುವ ಕೆಲಸವದು. ಶುಲ್ಕ ಕಟ್ಟದವರ ಹೆಸರನ್ನು ಪ್ರಾರ್ಥನೆಯ ವೇಳೆ ಓದುವುದಕ್ಕೂ ಇದೇ ಮಾತು ಸಲ್ಲುತ್ತದೆ.

ನಿಮ್ಮ ಸೀಮೆಯಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು. ಶಿಕ್ಷಕರ ಕೊಠಡಿಯಲ್ಲಿ ನಾವೇ ಧಾರಾಳವಾಗಿ ತೆಲುಗಿನಲ್ಲಿ ಹರಟುತ್ತಾ, ಅಂಗಳದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ ಹುಡುಗಿಗೆ ದಂಡ ಹಾಕುವುದು ವಿಚಿತ್ರವಲ್ಲವೇ?

ಇವೆಲ್ಲಕ್ಕಿಂತ ದೊಡ್ಡದು ಶುಲ್ಕದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯು (ಆರ್‌ಟಿಇ) ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಮೀಸಲಿಟ್ಟಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸೀಟು ಕೊಡಬೇಕಿಲ್ಲವೆಂದು ಕರ್ನಾಟಕದಲ್ಲಿ 2019-20ನೇ ಸಾಲಿನಿಂದ ನಿಯಮ ಬದಲಾದ ಮೇಲೆ ಹೊಸದಾಗಿ ಬರುವವರ ಸಂಖ್ಯೆ ಕುಸಿಯಿತು. ಹಾಗಾಗಿ ಬಡ ಹುಡುಗಿಯೊಬ್ಬಳು ನಿಮ್ಮ ಶಾಲೆಗೆ ಬರುವುದು ಈಗ ಬಹುಮಟ್ಟಿಗೆ ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟದ್ದು. ಜೊತೆಗೆ, ಈ ಕಾಯ್ದೆಯಡಿ ಉಚಿತ ಶಿಕ್ಷಣ ದೊರೆಯುವುದು ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತಕ್ಕೆ ಕಾಲಿಡುತ್ತಲೇ ಅದೇ ಹುಡುಗಿ, ಅದೇ ಬೆಂಚು, ಆದರೆ ಪೂರ್ತಿ ಶುಲ್ಕ. ಮನೆಯಲ್ಲಿ ತಮ್ಮನೂ ಓದುತ್ತಿದ್ದರೆ ಯಾರ ಶುಲ್ಕಕ್ಕೆ ಮೊದಲು ಕತ್ತರಿ ಬೀಳುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಲಕಿಯರ ಶಾಲೆಯೊಂದು ಸಮಾನತೆಗೆಂದು ಹಣ ತೆಗೆದಿಡುವುದಾದರೆ ಅದು ಮೊದಲು ಹೋಗಬೇಕಾದದ್ದು ಒಂಬತ್ತು ಮತ್ತು ಹತ್ತನೇ ತರಗತಿಯ ಈ ಹುಡುಗಿಯರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗವಿಕಲ ಮಕ್ಕಳ ಬಗ್ಗೆ ಒಂದೇ ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ‘ದಡ್ಡಿ’ ಎನ್ನಿಸಿಕೊಂಡವಳನ್ನು ಹತ್ತನೆಯ ತರಗತಿಗೆ ಮೊದಲೇ ಪರೀಕ್ಷಿಸಿ ಪ್ರಮಾಣಪತ್ರ ಮಾಡಿಸಿದರೆ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಗಳನ್ನು ಕೇಳಲು ಅನುಕೂಲ.

ಇನ್ನು ನಿಮ್ಮ ಅಧಿಕಾರದ ಮಾತು. ಹೊಣೆ ಮಾತ್ರ ಕೊಟ್ಟು ಹಣ, ವೇಳಾಪಟ್ಟಿಗಳ ಮೇಲೆ ಹಿಡಿತ ಕೊಡದಿದ್ದರೆ ನಿಮ್ಮ ಕೆಲಸ ಗೋಡೆಯ ಮೇಲಿನ ಭಿತ್ತಿಪತ್ರಕ್ಕೆ ನಿಲ್ಲುತ್ತದೆ. ಶುಲ್ಕ ರಿಯಾಯಿತಿಯ ತೀರ್ಮಾನದಲ್ಲಿ ನಿಮಗೊಂದು ಸ್ಥಾನವಿರಬೇಕೆಂದು ಲಿಖಿತವಾಗಿ ಕೇಳಿ. ಅದಕ್ಕೂ ಮೊದಲು, ಕಳೆದ ಐದು ವರ್ಷಗಳಲ್ಲಿ ಎಂಟನೇ ತರಗತಿ ಮುಗಿಸಿ ಟಿಸಿ ಪಡೆದು ಹೋದವರ ಪಟ್ಟಿಯನ್ನು ಕಚೇರಿಯಿಂದ ತೆಗೆಸಿ, ಯಾರು ಆರ್‌ಟಿಇ ಸೀಟಿನವರು, ಮುಂದೆ ಯಾವ ಶಾಲೆಗೆ ಸೇರಿದರು, ಸೇರದೆ ಉಳಿದವರೆಷ್ಟು ಎಂದು ಎದುರಿಗೆ ಬರೆದುಕೊಳ್ಳಿ. ಆಡಳಿತ ಮಂಡಳಿಯ ಮೊದಲ ಸಭೆಗೆ ಆ ಹಾಳೆಯೊಂದನ್ನೇ ಒಯ್ಯಿರಿ.