ಎರಡನೇ ಸಲ ವರ್ದಿ ಸಿಗದಿದ್ದರೆ

ಸುಬೇದಾರರನ್ನು ಕೇಳಿ

ಪ್ರಶ್ನೆ: ಸಾಹೇಬ್ರಿಗೆ ನಮಸ್ಕಾರ. ನಮ್ಮೂರು ಅಥಣಿ ಕಡೆ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 18 ವರ್ಷ ಸರ್ವಿಸ್ ಮಾಡಿ, ಹವಾಲ್ದಾರನಾಗಿ 2022ರ ಅಕ್ಟೋಬರ್‌ನಲ್ಲಿ ಪೆನ್ಷನ್ ಬಂದೆ. ಅವ್ವನಿಗೆ ಲಕ್ವಾ ಹೊಡೆದಿತ್ತು, ನೋಡಿಕೊಳ್ಳಲು ನಾನೊಬ್ಬನೇ ಮಗ. ಅದಕ್ಕೇ ನಾನಾಗಿ ಬರೆದುಕೊಟ್ಟು ಬಂದೆ. ಅವ್ವ ಕಳೆದ ವರ್ಷ ತೀರಿಕೊಂಡಳು. ಈಗ ಭೋಸರಿಯಲ್ಲಿ ಮನೆ, ವಾಕಡ್‌ನ ಒಂದು ಸೊಸೈಟಿಯಲ್ಲಿ 12 ತಾಸಿನ ಸೆಕ್ಯೂರಿಟಿ ಡ್ಯೂಟಿ. ಡಿಎಸ್‌ಸಿಗೆ, ಅಂದರೆ ಮಾಜಿ ಸೈನಿಕರನ್ನು ಮತ್ತೆ ಸೇರಿಸಿಕೊಂಡು ರಕ್ಷಣಾ ನೆಲೆಗಳ ಕಾವಲಿಗೆ ಇಡುವ ಡಿಫೆನ್ಸ್ ಸೆಕ್ಯೂರಿಟಿ ಕೋರ್‌ಗೆ ಅರ್ಜಿ ಹಾಕಿದೆ. ಡಿಸ್ಚಾರ್ಜ್ ಆಗಿ ಎರಡು ವರ್ಷದೊಳಗೆ ಬರಬೇಕಿತ್ತು ಎಂದರು. ನನ್ನದು ಎಂಟು ತಿಂಗಳು ಮೀರಿತ್ತು. ಅವ್ವನ ಆಸ್ಪತ್ರೆ ಕಾಗದ ಲಗತ್ತಿಸಿ ಕಂಡೋನೇಶನ್ (ತಡವಾದದ್ದಕ್ಕೆ ಮಾಫಿ) ಕೇಳಿದೆ. ಅದೂ ಇಲ್ಲ ಎಂದು ಪತ್ರ ಬಂತು. ಒಬ್ಬ ಏಜೆಂಟ್ ಎರಡು ಲಕ್ಷಕ್ಕೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾನೆ. ವಯಸ್ಸು 39, ಎಸ್‌ಎಸ್‌ಎಲ್‌ಸಿ ಪಾಸ್. ಮತ್ತೆ ವರ್ದಿ ಹಾಕುವ ದಾರಿ ಏನಾದರೂ ಉಳಿದಿದೆಯೇ?
(ಹೆಸರು ಹಾಕಬೇಡಿ ಎಂದವರು, ಪುಣೆ)

ಉತ್ತರ: ತಮ್ಮಾ, ಮೊದಲು ಆ ಏಜೆಂಟನ ನಂಬರ್ ಬ್ಲಾಕ್ ಮಾಡು. ಉಳಿದ ಮಾತು ಆಮೇಲೆ. ಇಂಥವರು ಹತ್ತು ಜನರ ಹತ್ತಿರ ದುಡ್ಡು ತಗೊಳ್ಳುತ್ತಾರೆ. ಅದರಲ್ಲಿ ಇಬ್ಬರಿಗೆ ತಮ್ಮ ಯೋಗ್ಯತೆಯಿಂದಲೇ ಕೆಲಸ ಆಗುತ್ತದೆ. ಆ ಇಬ್ಬರ ಹೆಸರು ಹೇಳಿಕೊಂಡು ಇವನು ಮುಂದಿನ ಹತ್ತು ಜನರನ್ನು ಹಿಡಿಯುತ್ತಾನೆ.

ನೀನು ಕಳಿಸಿದ ಪತ್ರದ ಫೋಟೋ ನೋಡಿದೆ. ನಾನು 24 ವರ್ಷ ಕ್ಲಾರ್ಕ್ ಆಗಿದ್ದವನು, ಇಂಥ ಪತ್ರಗಳನ್ನು ಟೈಪ್ ಮಾಡಿದ ಕೈ ಇದು. ನಿನ್ನ ಪತ್ರದಲ್ಲಿ ಮೂರೇ ಸಾಲು. ಡಿಸ್ಚಾರ್ಜ್ ತಾರೀಕು, ಅರ್ಜಿಯ ತಾರೀಕು, ಜಾರಿಯಲ್ಲಿರುವ ನಿಯಮದಂತೆ ಸಾಧ್ಯವಿಲ್ಲ ಎಂಬ ಮಾತು. ಅವ್ವನ ಆಸ್ಪತ್ರೆ ಕಾಗದದ ಸುದ್ದಿಯೇ ಇಲ್ಲ. ನನ್ನ ಅನುಭವದಲ್ಲಿ ಇದರರ್ಥ ಇಷ್ಟೇ: ಯಾರೋ ಬೆರಳು ಮಡಚಿ ತಿಂಗಳು ಎಣಿಸಿದ್ದಾರೆ, ಸಹಿಗೆ ಇಟ್ಟಿದ್ದಾರೆ. ನಿನ್ನ ಕಷ್ಟವನ್ನು ಓದಿ ಬೇಡ ಎಂದದ್ದಲ್ಲ, ಓದಿಯೇ ಇಲ್ಲ. ಸಕ್ಷಮ ಅಧಿಕಾರಿ ಪರಿಶೀಲಿಸಿ ಒಪ್ಪಿಲ್ಲ ಎಂದು ಬಂದಿದ್ದರೆ ಅಲ್ಲಿಗೆ ಮುಗಿಯಿತು, ಕೈ ತೊಳೆದುಕೋ ಎನ್ನುತ್ತಿದ್ದೆ.

ಹಾಗಾಗಿ ಒಂದು ಸುತ್ತು ಬಾಕಿ ಇದೆ, ಒಂದೇ ಸುತ್ತು. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕು. ‘ನನಗೆ ಯಾಕೆ ಕೊಡಲಿಲ್ಲ’ ಎಂದು ಬರೆಯಬೇಡ, ಅದಕ್ಕೆ ಅವರು ಉತ್ತರ ಕೊಡಬೇಕಿಲ್ಲ. ಅವರ ಫೈಲಿನಲ್ಲಿ ಇರುವುದನ್ನು ಕೇಳು: ನನ್ನ ಅರ್ಜಿಯ ಮೇಲಿನ ನೋಟಿಂಗ್ ಶೀಟಿನ (ಅಧಿಕಾರಿಗಳು ಫೈಲಿನಲ್ಲಿ ಟಿಪ್ಪಣಿ ಬರೆಯುವ ಹಾಳೆ) ನಕಲು, ನಿರ್ಧಾರ ಮಾಡಿದ ಅಧಿಕಾರಿಯ ಹುದ್ದೆ, ಆಧಾರ ಮಾಡಿಕೊಂಡ ಪಾಲಿಸಿ ಪತ್ರದ ನಕಲು. ಅವರಿಗೆ 30 ದಿನದ ಗಡುವು. ಆ ಕಾಗದ ಕೈಗೆ ಬಂದ ಮೇಲೆ ಒಂದು ಪುಟದ ಮನವಿ ಬರೆ. ಅವ್ವ ಮಲಗಿದ ದಿನದಿಂದ ತೀರಿಕೊಂಡ ದಿನದವರೆಗೆ ತಾರೀಕು ಹಾಕು, ಕಣ್ಣೀರು ಬೇಡ.

ಅದಕ್ಕೂ ಇಲ್ಲ ಎಂದರೆ? ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಮುಂಬೈನಲ್ಲೇ ಇದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಮನವಿಗೆ ಆರು ತಿಂಗಳು ಉತ್ತರವೇ ಬಾರದಿದ್ದರೆ ಅಲ್ಲಿಂದ ಮತ್ತೆ ಆರು ತಿಂಗಳ ಅವಕಾಶ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಪೆನ್ಷನ್ ತಪ್ಪು ಲೆಕ್ಕವಾದರೆ ಅದು ಹಕ್ಕಿನ ಮಾತು, ಸಾಲ ಮಾಡಿಯಾದರೂ ಹೋಗಬೇಕು. ಮರುಭರ್ತಿ ಹಕ್ಕಲ್ಲ, ಅವರು ಕೊಟ್ಟರೆ ಉಂಟು. ವಕೀಲರ ಫೀ, ಮುಂಬೈಗೆ ಓಡಾಟ, ಅದರ ನಡುವೆ ನಿನ್ನ 39 ಎಂಬುದು 41 ಆಗಿರುತ್ತದೆ.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರೋಣ. ನಿನಗೆ ಬೇಕಾದದ್ದು ಡಿಎಸ್‌ಸಿಯೇ, ಇಲ್ಲ ವರ್ದಿಯೇ? ವರ್ದಿ ಎಂದರೆ ಇನ್ನೂ ಎರಡು ಬಾಗಿಲಿವೆ.

ಒಂದು, ಟೆರಿಟೋರಿಯಲ್ ಆರ್ಮಿ (ಟಿಎ). 42ರವರೆಗೆ ಅವಕಾಶ, ಮಾಜಿ ಸೈನಿಕರನ್ನೂ ತಗೊಳ್ಳುತ್ತಾರೆ. ನಿಮ್ಮದೇ ಮರಾಠಾದ 101ನೇ ಟಿಎ ಬಟಾಲಿಯನ್ ಇಲ್ಲೇ ಪುಣೆಯಲ್ಲಿದೆ. ಆದರೆ ಇದನ್ನೇ ಹೊಟ್ಟೆಪಾಡು ಅಂದುಕೊಳ್ಳಬೇಡ. ಬೇರೆ ಉದ್ಯೋಗ ಇದ್ದವರು ವರ್ಷಕ್ಕೆ ಒಂದೆರಡು ತಿಂಗಳು ತರಬೇತಿಗೆ ಹೋಗುವ ಪಡೆ ಅದು. ಕರೆ ಬಂದಾಗ ಮಾತ್ರ ಪೂರ್ತಿ ಡ್ಯೂಟಿ, ಪೂರ್ತಿ ಪಗಾರ.

ಇನ್ನೊಂದು ಬಾಗಿಲನ್ನು ನಿನ್ನಂಥವರು ತಟ್ಟುವುದೇ ಇಲ್ಲ, ವಯಸ್ಸು ಮೀರಿತು ಎಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಸಿಆರ್‌ಪಿಎಫ್, ಸಿಐಎಸ್‌ಎಫ್, ಬಿಎಸ್‌ಎಫ್ ಕಾನ್‌ಸ್ಟೇಬಲ್ ಹುದ್ದೆಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲು. ಮೇಲಿನ ವಯಸ್ಸು 23. ಅಲ್ಲಿಗೇ ಜಾಹೀರಾತು ಮಡಚಿ ಇಡಬೇಡ. ಪೆನ್ಸಿಲ್ ತಗೊಂಡು ಹೀಗೆ ಬರೆ: ವಯಸ್ಸು 39, ಅದರಲ್ಲಿ ಸೇನೆಯ ಸರ್ವಿಸ್ 18 ಕಳೆ, ಉಳಿದದ್ದು 21. ಹೀಗೆ ಕಳೆದು ಬಂದ ವಯಸ್ಸು ಮಿತಿಗಿಂತ ಮೂರು ವರ್ಷ ಹೆಚ್ಚಿದ್ದರೂ ನಡೆಯುತ್ತದೆ, ಅಂದರೆ 26ರವರೆಗೆ. ಸರ್ಕಾರದ ಲೆಕ್ಕದಲ್ಲಿ ನಿನಗಿನ್ನೂ 21, ಹೋಗಿ ಹೆಂಡತಿಗೆ ಹೇಳು. 2024ರಿಂದ ಈ ಕಾನ್‌ಸ್ಟೇಬಲ್ ಭರ್ತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಥಣಿಯ ಶಾಲೆಯಲ್ಲಿ ಕಲಿತವನಿಗೆ ಇದು ಸಣ್ಣ ಮಾತಲ್ಲ. ನಿವೃತ್ತಿ 60ಕ್ಕೆ.

ಕಹಿ ಮಾತೂ ಹೇಳಿಬಿಡುತ್ತೇನೆ. ಹವಾಲ್ದಾರ ಆಗಿದ್ದವನು ಅಲ್ಲಿ ಕಾನ್‌ಸ್ಟೇಬಲ್ ಆಗಿ ಶುರು ಮಾಡಬೇಕು. 25ರ ಹುಡುಗ ಸೀಟಿ ಊದಿದರೆ ನೀನು ಓಡಬೇಕು. ಕೆಲವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ನನಗೆ ಇಳಿಯಲಿಲ್ಲ, ಅದಕ್ಕೇ ಬ್ಯಾಂಕಿನ ಕಡೆ ಹೋದೆ. ಆದರೆ ಸೊಸೈಟಿ ಸೆಕ್ರೆಟರಿ ಪಾರ್ಕಿಂಗ್ ವಿಷಯಕ್ಕೆ ಎಲ್ಲರೆದುರು ಬೈಯುವುದು ಈಗಾಗಲೇ ಇಳಿಯುತ್ತಿದೆ ಎಂದಾದರೆ, ಇದು ಅದಕ್ಕಿಂತ ಹಗುರ.

ವರ್ದಿ ಬೇಡವೆಂದರೆ ಹಾದಿ ಇನ್ನೂ ಅಗಲ. ಕೇಂದ್ರ ಸರ್ಕಾರದ ಗ್ರೂಪ್ ಸಿ (ಗುಮಾಸ್ತರಂಥ ಕೆಳಹಂತದ) ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10, ಸರ್ಕಾರಿ ಬ್ಯಾಂಕು ಮತ್ತು ಸರ್ಕಾರಿ ಕಂಪನಿಗಳಲ್ಲಿ ಶೇ. 14.5, ಮಹಾರಾಷ್ಟ್ರ ಸರ್ಕಾರದಲ್ಲಿ ಶೇ. 15. ಡಿಗ್ರಿ ಕೇಳುವ ಗ್ರೂಪ್ ಸಿ ಹುದ್ದೆಗೂ ಎಸ್‌ಎಸ್‌ಎಲ್‌ಸಿ ಜೊತೆ 15 ವರ್ಷದ ಸರ್ವಿಸ್ ಇದ್ದವನು ಅರ್ಜಿ ಹಾಕಬಹುದು, ತಾಂತ್ರಿಕ ಹುದ್ದೆ ಬಿಟ್ಟು. ಕೇಂದ್ರದ ಕೆಲಸ ಸಿಕ್ಕರೆ ಪಗಾರ ನಿಗದಿ ಮಾಡುವಾಗ ನಿನ್ನ ಪೆನ್ಷನ್ ಮುಟ್ಟುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. ಮೀಸಲಾತಿಯಲ್ಲಿ ಒಂದು ಸರ್ಕಾರಿ ಕೆಲಸ ಸೇರಿದೆಯೋ, ಮಾಜಿ ಸೈನಿಕನ ಕೋಟಾ ಅಲ್ಲಿಗೆ ತೀರಿತು. ಆದರೆ ಸೇರುವ ಮೊದಲೇ ಬೇರೆ ಕಡೆ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಆ ಅರ್ಜಿಗಳನ್ನೆಲ್ಲ ತಾರೀಕು ಸಮೇತ ಬರೆದು ಆಫೀಸಿಗೆ ಕೊಟ್ಟುಬಿಡಬೇಕು. ಆಗ ಆ ಹುದ್ದೆಗಳಿಗೆ ಕೋಟಾ ಉಳಿಯುತ್ತದೆ. 2014ರ ಆಗಸ್ಟ್‌ನ ಕೇಂದ್ರ ಆದೇಶ ಇದು. ನಿನ್ನ ವಾಕಡ್ ಡ್ಯೂಟಿ ಖಾಸಗಿ, ಅದರಿಂದ ಕೋಟಾಕ್ಕೆ ಧಕ್ಕೆ ಇಲ್ಲ.

ಇದನ್ನು ಓದುತ್ತಿರುವ ಸರ್ವಿಸಿನಲ್ಲಿರುವ ಹುಡುಗರಿಗೂ ಒಂದು ಮಾತು. ಇವನು 18 ವರ್ಷ ಮುಗಿಸಿ ಪೆನ್ಷನ್ ಜೊತೆ ಬಂದವನು, ಅದಕ್ಕೇ ಇಷ್ಟೆಲ್ಲ ಬಾಗಿಲು. ಪೆನ್ಷನ್ ಪಕ್ಕಾ ಆಗುವ ಮೊದಲೇ ನೀವಾಗಿ ಬರೆದುಕೊಟ್ಟು ಬಂದರೆ ಈ ಮೀಸಲಾತಿಗೆ ನೀವು ಮಾಜಿ ಸೈನಿಕರೇ ಅಲ್ಲ. ರಜೆ ಕೇಳಿ, ಊರ ಹತ್ತಿರದ ಪೋಸ್ಟಿಂಗ್ ಕೇಳಿ, ಸಿಟ್ಟಿನಲ್ಲಿ ಕಾಗದಕ್ಕೆ ಸಹಿ ಮಾಡಬೇಡಿ.

ತಮ್ಮಾ, ಈ ವಾರ ಡಿಸ್ಚಾರ್ಜ್ ಬುಕ್ ತೆಗೆದು ಆಧಾರ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಿಪಿಒ (ಪೆನ್ಷನ್ ಪಾವತಿ ಆದೇಶ) ನಾಲ್ಕನ್ನೂ ನೆಲದ ಮೇಲೆ ಸಾಲಾಗಿ ಇಡು. ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ತಾರೀಕು ಬೆರಳಿಟ್ಟು ತಾಳೆ ನೋಡು. ನನ್ನ ಪಿಪಿಒದಲ್ಲಿ ಅಪ್ಪನ ಹೆಸರಿನ ಒಂದು ಇನಿಷಿಯಲ್ ಬಿಟ್ಟುಹೋಗಿತ್ತು. ಅಷ್ಟಕ್ಕೇ ಬ್ಯಾಂಕಿನವರು ಏಳು ತಿಂಗಳು ಕೂರಿಸಿದರು. ಎಷ್ಟೋ ಜನರ ಕಾಗದ ತಿದ್ದಿದ ಕ್ಲಾರ್ಕ್ ನಾನು, ನನ್ನದನ್ನೇ ನೋಡಿಕೊಂಡಿರಲಿಲ್ಲ. ಆಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಉದ್ಯೋಗಕ್ಕೆ ಹೆಸರು ನೋಂದಾಯಿಸು. ಮೂಲ ಕಾಗದ ಒಯ್ಯಿ, ಆದರೆ ಯಾರ ಕೈಯಲ್ಲೂ ಬಿಟ್ಟು ಬರಬೇಡ. ನೋಟಿಂಗ್ ಶೀಟ್ ಬಂದ ದಿನ ಅದರ ಫೋಟೋ ನನಗೆ ಕಳಿಸು, ಮನವಿಯನ್ನು ಇಬ್ಬರೂ ಕೂತು ಬರೆಯೋಣ. ಟೈಪಿಂಗ್ ನನ್ನದು.